ಜಾಗಕ್ಕೆ ತಕ್ಕ ಗಿಡ: ಮನೆಯಂಗಳದ ಬಹುವಾರ್ಷಿಕ ಸಸ್ಯಗಳ ಆಯ್ಕೆ

ಗಿಡ ಬೆಳೆಸುವ ಆಸೆಯುಳ್ಳವರು ಸಾಮಾನ್ಯವಾಗಿ ಮೊದಲು ಗಿಡವನ್ನು ಕೊಂಡು ತರುತ್ತಾರೆ, ಅದನ್ನು ಎಲ್ಲಿ ನೆಡಬೇಕೆಂದು ಆಮೇಲೆ ಯೋಚಿಸುತ್ತಾರೆ. ಈ ಕ್ರಮ ತಲೆಕೆಳಗಾದುದು. ತರಕಾರಿ ಸಸಿಯೊಂದು ಜಾಗಕ್ಕೆ ಒಗ್ಗದಿದ್ದರೆ ನಷ್ಟವಾಗುವುದು ಮೂರು ತಿಂಗಳ ಶ್ರಮ ಮಾತ್ರ. ಆದರೆ ಮಲ್ಲಿಗೆ, ಗುಲಾಬಿ, ದಾಸವಾಳ, ಕರಿಬೇವಿನಂಥ ಬಹುವಾರ್ಷಿಕ ಗಿಡಗಳು ಒಮ್ಮೆ ನೆಟ್ಟರೆ ಹಲವು ವರ್ಷ ಅಲ್ಲಿಯೇ ಇರತಕ್ಕವು. ಜಾಗ ತಪ್ಪಿದರೆ ಗಿಡ ಸಾಯದೆ, ಬೆಳೆಯದೆ, ವರ್ಷಗಟ್ಟಲೆ ನೀರು ಗೊಬ್ಬರ ತಿನ್ನುತ್ತ ನಿಲ್ಲುತ್ತದೆ. ಆದುದರಿಂದ ಜಾಗವನ್ನು ಮೊದಲು ಪರೀಕ್ಷಿಸಿ, ಅದಕ್ಕೆ ಒಪ್ಪುವ ಗಿಡವನ್ನು ನಂತರ ಆರಿಸುವುದು ಒಳ್ಳೆಯದು.

ಇದಕ್ಕೆ ಬೆಂಗಳೂರಿನ ಪಶ್ಚಿಮ ಭಾಗದ ಹೊಸಹಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿಯಾಗಿದ್ದ ಹೊಸಹಳ್ಳಿ ಇಂದು ವಿಜಯನಗರದೊಂದಿಗೆ ಬೆಸೆದುಹೋಗಿದೆ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವೆ ಮೆಟ್ರೊ ಸಂಚಾರ ಆರಂಭವಾದಂದಿನಿಂದ ಇಲ್ಲಿಯೂ ಒಂದು ನಿಲ್ದಾಣವಿದೆ. 20x30, 30x40 ಅಡಿ ನಿವೇಶನಗಳಲ್ಲಿ ಎರಡು ಮೂರು ಅಂತಸ್ತಿನ ಮನೆಗಳು ಒತ್ತಾಗಿ ಎದ್ದಿವೆ. ಹಿತ್ತಲೆಂದರೆ ಮೂರು ನಾಲ್ಕು ಅಡಿ ಅಗಲದ ಓಣಿ, ಬಾಗಿಲ ಮುಂದಿನ ತುಂಡು ನೆಲ, ಮೇಲೊಂದು ತಾರಸಿ. ಇಷ್ಟು ಚಿಕ್ಕ ಜಾಗದಲ್ಲಿಯೂ ಉರಿಬಿಸಿಲು, ಅರೆನೆರಳು, ಕಡುನೆರಳು, ಒಣನೆಲ, ತೇವದ ನೆಲ ಎಲ್ಲವೂ ಸಿಗುತ್ತವೆ. ನಗರದ ಅಂಚಿನಲ್ಲಿ ಸಸ್ಯಕ್ಷೇತ್ರ ನಡೆಸಿ ಇಂಥ ಮನೆಗಳಿಗೆ ಗಿಡ ಮಾರುವ ರೈತರಿಗೂ ಈ ವ್ಯತ್ಯಾಸ ತಿಳಿದಿರುವುದು ಅವಶ್ಯ. ಕೊಂಡವರ ಮನೆಯಲ್ಲಿ ಗಿಡ ಬದುಕಿದರೆ ಮಾತ್ರ ಅವರು ಮತ್ತೆ ಬರುತ್ತಾರೆ.

ಬಿಸಿಲು ಮತ್ತು ನೆರಳು

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ನೇರವಾಗಿರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಬೀಳದು. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೂ, ವರ್ಷದ ಉಳಿದ ಕಾಲ ದಕ್ಷಿಣಕ್ಕೂ ಇರುತ್ತಾನೆ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. 30 ಅಡಿ ಎತ್ತರದ ಕಟ್ಟಡದ ನೆರಳು ಡಿಸೆಂಬರ್ ಕೊನೆಯ ವಾರದ ನಡುಹಗಲಿನಲ್ಲಿ ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ. ಜೂನ್ ಕೊನೆಯಲ್ಲಿ ಅದೇ ಕಟ್ಟಡದ ನೆರಳು ದಕ್ಷಿಣಕ್ಕೆ ಐದೂವರೆ ಅಡಿ ಮಾತ್ರ.

ಮೇ ತಿಂಗಳಿನಲ್ಲಿ ಮನೆಯ ಉತ್ತರದ ಓಣಿಯಲ್ಲಿ ಒಳ್ಳೆಯ ಬಿಸಿಲು ಕಂಡು ಅಲ್ಲಿ ಗುಲಾಬಿ ನೆಟ್ಟವರು ಡಿಸೆಂಬರಿನಲ್ಲಿ ಹೂವಿಲ್ಲದೆ ನಿರಾಶರಾಗಲು ಇದೇ ಕಾರಣ. ಒಂದು ದಿನ ನೋಡಿ ಜಾಗವನ್ನು ತೀರ್ಮಾನಿಸಬಾರದು. ಡಿಸೆಂಬರ್ ಮತ್ತು ಜೂನ್ ತಿಂಗಳುಗಳಲ್ಲಿ ಒಂದೊಂದು ದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಬಿಸಿಲು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಳ್ಳಬೇಕು. ಆರು ಗಂಟೆಗೆ ಮೇಲ್ಪಟ್ಟು ಬಿಸಿಲಿದ್ದರೆ ಪೂರ್ಣ ಬಿಸಿಲು. ಮೂರರಿಂದ ಆರು ಗಂಟೆಯಾದರೆ ಅರೆನೆರಳು. ಅದಕ್ಕೂ ಕಡಿಮೆಯಾದರೆ ನೆರಳು ಎಂದು ತಿಳಿಯಬೇಕು. ಬೆಳಗಿನ ಬಿಸಿಲು ಮೃದು. ಪಡುವಣ ಗೋಡೆಯ ಬಳಿ ಮಧ್ಯಾಹ್ನದ ಬಿಸಿಲಿನ ಜೊತೆಗೆ ಕಾದ ಗೋಡೆಯ ಶಾಖವೂ ಸೇರಿ ಎಳೆ ಗಿಡವನ್ನು ಬಾಡಿಸುತ್ತದೆ.

ಮಣ್ಣು ಮತ್ತು ನೀರಿನ ಬಸಿಯುವಿಕೆ

ಈ ಭಾಗದ ಮೂಲ ಮಣ್ಣು ಕೆಂಪು ಗೋಡು. ಆದರೆ ಮನೆ ಕಟ್ಟಿದ ನಿವೇಶನದಲ್ಲಿ ಮೇಲೆ ಸಿಗುವುದು ಇಟ್ಟಿಗೆ ಚೂರು, ಜಲ್ಲಿ, ಗಾರೆ ಬೆರೆತ ಮಣ್ಣು. ಗಾರೆ ಮತ್ತು ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ, ಗಿಡಕ್ಕೆ ಕಬ್ಬಿಣದ ಅಂಶ ದೊರೆಯದಂತಾಗುತ್ತದೆ. ಇಕ್ಸೋರಾ (ಕರಾವಳಿಯವರ ಕೇಪುಳ) ಗಿಡದ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುವುದು ಇದರ ಲಕ್ಷಣ. ಇಂಥಲ್ಲಿ ಗೊಬ್ಬರ ಹೆಚ್ಚಿಸಿ ಫಲವಿಲ್ಲ. ಗುಣಿಯಿಂದ ಗಾರೆಮಣ್ಣನ್ನು ಪೂರ್ತಿ ತೆಗೆದು ಕೆಂಪು ಮಣ್ಣು ತುಂಬಬೇಕು.

ನೀರು ಬಸಿಯುವುದನ್ನು ಪರೀಕ್ಷಿಸಲು ಒಂದು ಅಡಿ ಆಳದ ಗುಣಿ ತೆಗೆದು ನೀರು ತುಂಬಬೇಕು. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಅಳೆಯಬೇಕು. ಒಂದರಿಂದ ಮೂರು ಅಂಗುಲ ಇಳಿದರೆ ಹೆಚ್ಚಿನ ಗಿಡಗಳಿಗೆ ಸರಿ. ಒಂದು ಅಂಗುಲಕ್ಕೂ ಕಡಿಮೆಯಾದರೆ ಬೇರು ಕೊಳೆಯುವ ಭಯವುಂಟು. ಅಲ್ಲಿ ಮಡಿ ಎತ್ತರಿಸಬೇಕು, ಇಲ್ಲವೆ ತೇವ ತಾಳುವ ಗಿಡಗಳನ್ನೇ ಹಾಕಬೇಕು. ನಾಲ್ಕು ಅಂಗುಲಕ್ಕಿಂತ ಬೇಗ ಇಳಿದರೆ ಬರ ತಾಳುವ ಗಿಡ ಲೇಸು.

ಪೂರ್ಣ ಬಿಸಿಲು, ಕಡಿಮೆ ನೀರು

ಪಡುವಣ ಗೋಡೆ, ರಸ್ತೆಯಂಚು ಮತ್ತು ತಾರಸಿಗೆ ಬೋಗನ್‌ವಿಲ್ಲಾ, ದೇವಕಣಗಿಲೆ, ಸದಾಪುಷ್ಪ, ಲೋಳೆಸರ, ಅಡೀನಿಯಂ ಸೂಕ್ತ. ಬೋಗನ್‌ವಿಲ್ಲಾಕ್ಕೆ ನೀರು ಮತ್ತು ಸಾರಜನಕ ಹೆಚ್ಚಾದರೆ ಸೊಪ್ಪು ಬೆಳೆದು ಹೂ ಕಡಿಮೆಯಾಗುತ್ತದೆ. ಅಡೀನಿಯಂ ಮತ್ತು ಲೋಳೆಸರಗಳಿಗೆ ಮಳೆಗಾಲದಲ್ಲಿ ನೀರು ನಿಲ್ಲಬಾರದು. ಕಣಗಿಲೆ ಗಟ್ಟಿ ಗಿಡ. ಬಿಸಿಲು, ಬರ, ಧೂಳು ಮೂರನ್ನೂ ತಾಳುತ್ತದೆ. ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಮಕ್ಕಳಿರುವ ಮನೆಯಲ್ಲಿ ಮತ್ತು ದನಗಳ ಬಾಯಿಗೆ ಎಟುಕುವಲ್ಲಿ ಇದನ್ನು ನೆಡಬಾರದು; ಕತ್ತರಿಸಿದ ಕೊಂಬೆಗಳನ್ನು ಬೀದಿಗೆ ಎಸೆಯಲೂಬಾರದು.

ಪೂರ್ಣ ಬಿಸಿಲು, ಕ್ರಮವಾದ ನೀರು

ಗುಲಾಬಿ, ದುಂಡುಮಲ್ಲಿಗೆ, ಕಾಕಡ, ದಾಸವಾಳ, ಸುಗಂಧರಾಜ ಈ ಗುಂಪಿನವು. ಇವುಗಳಿಗೆ ಬಿಸಿಲು ಕಡಿಮೆಯಾದಷ್ಟೂ ಹೂ ಕಡಿಮೆ. ಗುಲಾಬಿಯಲ್ಲಿ ಕಸಿಯ ಗಂಟಿನ ಕೆಳಗಿನಿಂದ ಬರುವ ಕಾಡು ಚಿಗುರನ್ನು ಕೂಡಲೆ ಕಿತ್ತುಹಾಕಬೇಕು. ಬಿಟ್ಟರೆ ಅದೇ ಬೆಳೆದು ಕಸಿ ಗಿಡವನ್ನು ಅಡಗಿಸುತ್ತದೆ. ಸುಗಂಧರಾಜದ ಗೆಡ್ಡೆಯನ್ನು ಸುಮಾರು ಮೂರು ವರ್ಷ ಒಂದೇ ಮಡಿಯಲ್ಲಿ ಬಿಟ್ಟು, ಆಮೇಲೆ ಕಿತ್ತು ಬಿಡಿಸಿ ನೆಡಬೇಕು. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಶೃಂಗಾರ್ ಮತ್ತು ಪ್ರಜ್ವಲ್ ಒಂಟಿಸುತ್ತಿನ ತಳಿಗಳು, ಸುವಾಸಿನಿ ಹಲವು ಸುತ್ತಿನ ತಳಿ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆಯ ಕಾಟವುಂಟು. ಮೊದಲು ಕಂಡಾಗಲೇ ಆ ಕುಡಿಯನ್ನು ಕತ್ತರಿಸಿ, ಉಳಿದ ಭಾಗಕ್ಕೆ ಬೇವಿನೆಣ್ಣೆ ಮತ್ತು ಸೋಪಿನ ದ್ರಾವಣ ಸಿಂಪಡಿಸಬೇಕು.

ಅರೆನೆರಳು

ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಡಣ ಓಣಿಗೆ ಕನಕಾಂಬರ, ನಂದಿಬಟ್ಟಲು, ಇಕ್ಸೋರಾ, ದೊಡ್ಡಪತ್ರೆ, ವೀಳ್ಯದೆಲೆ ಬಳ್ಳಿ ಒಪ್ಪುತ್ತವೆ. ದೆಹಲಿ ಕನಕಾಂಬರ ಬೀಜ ಕಟ್ಟುವುದಿಲ್ಲವಾದ್ದರಿಂದ ಕಡ್ಡಿಯಿಂದಲೇ ಸಸಿ ಮಾಡಬೇಕು. ಕನಕಾಂಬರ ಸೊರಗಿದರೆ ಬೇರು ಕಿತ್ತು ನೋಡಬೇಕು. ಗಂಟುಗಳಿದ್ದರೆ ಅದು ಜಂತುಹುಳುವಿನ ಬಾಧೆ. ಅದೇ ಗುಣಿಯಲ್ಲಿ ಮತ್ತೆ ಕನಕಾಂಬರ ನೆಡದೆ, ಬೇವಿನ ಹಿಂಡಿ ಹಾಕಿ, ಒಂದು ಹಂಗಾಮು ಚೆಂಡು ಹೂ ಬೆಳೆಯುವುದು ಲೇಸು.

ಕಡುನೆರಳು

ಎರಡು ಮನೆಗಳ ನಡುವಿನ ಓಣಿಯಲ್ಲಿ ಹೂವಿನ ಆಸೆ ಬಿಡಬೇಕು. ಇಲ್ಲಿ ಎಲೆಯೇ ಅಂದ. ಜರೀಗಿಡಗಳು, ಅಗ್ಲೋನೀಮಾ, ಡ್ರಸೀನಾ, ಮನಿ ಪ್ಲಾಂಟ್ ಚೆನ್ನಾಗಿ ಬರುತ್ತವೆ. ನೆರಳಿನಲ್ಲಿ ಮಣ್ಣು ಬೇಗ ಒಣಗದು. ಮೇಲ್ಮಣ್ಣು ಒಣಗಿದ್ದನ್ನು ಬೆರಳಿನಿಂದ ನೋಡಿಯೇ ನೀರು ಹಾಕಬೇಕು. ನೆರಳಿನ ಗಿಡಗಳಿಗೆ ನೀರಿನ ಕೊರತೆಗಿಂತ ಅತಿ ನೀರೇ ಹೆಚ್ಚು ಅಪಾಯ. ಅಗ್ಲೋನೀಮಾ ಮತ್ತು ಮನಿ ಪ್ಲಾಂಟಿನ ಎಲೆ ಅಗಿದರೆ ಬಾಯಿ ಗಂಟಲು ಉರಿಯುತ್ತದೆ. ಎಳೆಮಕ್ಕಳ ಕೈಗೆ ಸಿಗದಂತೆ ಇಡಬೇಕು.

ತೇವದ ನೆಲ

ಬಟ್ಟೆ ಒಗೆಯುವ ಕಲ್ಲಿನ ಬಳಿ, ಬಚ್ಚಲ ನೀರು ಹರಿಯುವೆಡೆ ಕಾಬಾಳೆ (ಕ್ಯಾನಾ) ಮತ್ತು ಛತ್ರಿ ಹುಲ್ಲು ಹಾಕಬಹುದು. ಶುದ್ಧ ನೀರಿನ ತೇವವಿದ್ದಲ್ಲಿ ಒಂದೆಲಗ, ಬಜೆ, ಕೆಸು ಬೆಳೆಯುತ್ತವೆ. ಸೋಪಿನ ನೀರು ನಿಲ್ಲುವೆಡೆ ತಿನ್ನುವ ಸೊಪ್ಪು ಮತ್ತು ಗೆಡ್ಡೆಗಳನ್ನು ಬೆಳೆಯಕೂಡದು.

ಮರ ಮತ್ತು ತಾರಸಿ

ಚಿಕ್ಕ ನಿವೇಶನದಲ್ಲಿ ಮರಕ್ಕೆ ಆಸೆಪಡುವವರು ಕರಿಬೇವು, ಪಾರಿಜಾತ, ನಿಂಬೆ, ದಾಳಿಂಬೆಗಳಲ್ಲಿ ಒಂದನ್ನು ಆರಿಸಬಹುದು. ನೀರಿನ ಸಂಪು, ಒಳಚರಂಡಿ ಕೊಳವೆ ಮತ್ತು ತಳಪಾಯದಿಂದ ಸಾಧ್ಯವಾದಷ್ಟು ದೂರ ನೆಡಬೇಕು. ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟಿದ ಅರಳಿ, ಅತ್ತಿ ಸಸಿಗಳನ್ನು ಎರಡೆಲೆಯಿದ್ದಾಗಲೇ ಬೇರುಸಹಿತ ಕೀಳಬೇಕು. ತಾರಸಿಯ ಮೇಲೆ ಒಂದು ಘನ ಅಡಿ ಹಸಿ ಮಣ್ಣು ಸುಮಾರು 45ರಿಂದ 50 ಕಿಲೋ ತೂಗುತ್ತದೆಂಬುದನ್ನು ಮರೆಯಬಾರದು. ದೊಡ್ಡ ಕುಂಡಗಳನ್ನು ಗೋಡೆ ಮತ್ತು ತೊಲೆಗಳ ನೇರಕ್ಕೆ ಇಟ್ಟು, ಮಣ್ಣಿನಲ್ಲಿ ತೆಂಗಿನ ನಾರಿನ ಪುಡಿ ಮತ್ತು ಎಲೆಗೊಬ್ಬರ ಬೆರೆಸಿ ಭಾರ ತಗ್ಗಿಸಬೇಕು.

ನೀರಿನ ಲೆಕ್ಕ

ಬೆಂಗಳೂರಿನಲ್ಲಿ ಮಳೆ ಮೇ ತಿಂಗಳಿನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ ಹೆಚ್ಚುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಹುತೇಕ ಒಣಹವೆ. 2024ರ ಬೇಸಿಗೆಯಲ್ಲಿ ನಗರದ ಬಹಳಷ್ಟು ಕೊಳವೆ ಬಾವಿಗಳು ಬತ್ತಿದಾಗ, ಬೆಂಗಳೂರು ಜಲಮಂಡಳಿ ಮಾರ್ಚ್ ತಿಂಗಳಿನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಅಂಥ ವರ್ಷ ಮತ್ತೆ ಬಾರದೆಂದು ಹೇಳಲಾಗದು. ಗಿಡ ಆರಿಸುವ ದಿನವೇ ಬೇಸಿಗೆಯ ನೀರನ್ನೂ ಲೆಕ್ಕ ಹಾಕಬೇಕು.

ಒಂದು ಮನೆಯಲ್ಲಿ ಎಂಟು ಪೊದೆಗಿಡಗಳಿವೆ ಎನ್ನೋಣ. ಎಂಟೂ ಗುಲಾಬಿ, ಮಲ್ಲಿಗೆಯಂಥವಾದರೆ, ಒಂದಕ್ಕೆ 10 ಲೀಟರಿನಂತೆ ವಾರಕ್ಕೆ ಎರಡು ಸಲ ಎರೆಯಲು 160 ಲೀಟರ್ ಬೇಕು. ಅದರ ಬದಲು ಮೂರು ಮಾತ್ರ ಅಂಥವಾಗಿ, ಐದು ಬರ ತಾಳುವ ಗಿಡಗಳಾಗಿದ್ದರೆ, ಮೂರಕ್ಕೆ ವಾರಕ್ಕೆ 60 ಲೀಟರ್. ಐದಕ್ಕೆ ಹದಿನೈದು ದಿನಕ್ಕೊಮ್ಮೆ ಎರೆದರೆ ವಾರದ ಸರಾಸರಿ 25 ಲೀಟರ್. ಒಟ್ಟು 85 ಲೀಟರ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ದಿನಕ್ಕೆ 15 ಲೀಟರ್ ಹಿಡಿದಿಟ್ಟರೆ ವಾರಕ್ಕೆ 105 ಲೀಟರ್ ಆಗುತ್ತದೆ. ಎರಡನೆಯ ತೋಟ ನಲ್ಲಿಯ ನೀರನ್ನು ಮುಟ್ಟದೆ ಬದುಕುತ್ತದೆ. ಮೊದಲನೆಯದು ಮಾರ್ಚ್ ತಿಂಗಳಿನಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ 1,000 ಚದರ ಅಡಿ ತಾರಸಿಯ ಮೇಲೆ ಬೀಳುವ 10 ಮಿ.ಮೀ. ಮಳೆಯಿಂದ 900 ಲೀಟರಿಗೂ ಹೆಚ್ಚು ನೀರು ಬರುತ್ತದೆ. ಸೋರಿ ಆವಿಯಾದದ್ದನ್ನು ಕಳೆದರೂ 700 ಲೀಟರಿನಷ್ಟನ್ನು ತೊಟ್ಟಿಗೆ ತುಂಬಿಸಬಹುದು.

ನಾಟಿ ಮತ್ತು ಪಾಲನೆ

ಜೂನ್-ಜುಲೈ ನಾಟಿಗೆ ಒಳ್ಳೆಯ ಕಾಲ. ಮುಂದಿನ ಮಳೆಗಳಲ್ಲಿ ಬೇರು ಇಳಿದು, ಮೊದಲ ಬೇಸಿಗೆಯನ್ನು ಗಿಡ ತಾಳಿಕೊಳ್ಳುತ್ತದೆ. ಗುಲಾಬಿ, ಮಲ್ಲಿಗೆಗಳಿಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿ ಸಾಕು. ದಾಸವಾಳಕ್ಕೆ ಎರಡು ಅಡಿ. ಗುಣಿಯನ್ನು ಎರಡು ವಾರ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಸುಮಾರು 10 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಗುಲಾಬಿಗೆ ಎರಡರಿಂದ ಎರಡೂವರೆ ಅಡಿ, ಮಲ್ಲಿಗೆಗೆ ನಾಲ್ಕು ಅಡಿ, ದಾಸವಾಳಕ್ಕೆ ಐದು ಅಡಿ ಅಂತರವಿರಲಿ. ಬುಡಕ್ಕೆ ಒಣಗಿದ ಎಲೆಯನ್ನು ಎರಡು ಮೂರು ಅಂಗುಲ ದಪ್ಪ ಹೊದಿಸಿ, ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಗುಲಾಬಿಯನ್ನೂ, ನವೆಂಬರ್ ಕೊನೆಯಿಂದ ಡಿಸೆಂಬರಿನಲ್ಲಿ ದುಂಡುಮಲ್ಲಿಗೆಯನ್ನು ನೆಲದಿಂದ ಒಂದೂವರೆ ಅಡಿಗೆ ಬಿಟ್ಟು ಸವರಬೇಕು.

ವರ್ಷವಿಡೀ ಹೂ

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದರ ನಂತರ ಒಂದು ಹೂಬಿಡುವಂತೆ ಬೆಂಗಳೂರಿನ ಬೀದಿಮರಗಳನ್ನು ಆರಿಸಿದರು. ಅದೇ ವಿಧಾನವನ್ನು ಅಂಗಳಕ್ಕೂ ತರಬಹುದು. ಚಳಿಗಾಲದ ಕೊನೆ ಮತ್ತು ಬೇಸಿಗೆಗೆ ಬೋಗನ್‌ವಿಲ್ಲಾ, ಮಾರ್ಚಿನಿಂದ ದುಂಡುಮಲ್ಲಿಗೆ, ಮಳೆಗಾಲಕ್ಕೆ ಸುಗಂಧರಾಜ, ಅದರ ಹಿಂದೆ ಪಾರಿಜಾತ, ಇವುಗಳ ನಡುವೆ ನಿತ್ಯ ಪೂಜೆಗೆ ದಾಸವಾಳ ಮತ್ತು ನಂದಿಬಟ್ಟಲು. ಇವೆಲ್ಲವನ್ನೂ ಒಂದೇ ಮನೆಯಲ್ಲಿ ನೆಡಬೇಕಾಗಿಲ್ಲ. ಜಾಗ ಒಪ್ಪುವ ಮೂರು ನಾಲ್ಕನ್ನು ಆರಿಸಿದರೆ ಸಾಕು.

ವಿಸ್ತರಣಾ ಕಾರ್ಯಕರ್ತರು ಮನೆಯವರಿಗೆ ಗಿಡದ ಪಟ್ಟಿ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ಡಿಸೆಂಬರಿನಲ್ಲಿ ಆ ಜಾಗಕ್ಕೆ ಎಷ್ಟು ಗಂಟೆ ಬಿಸಿಲು? ಮಣ್ಣಿನಲ್ಲಿ ಗಾರೆಯಿದೆಯೆ? ಗುಣಿಯ ನೀರು ಎಷ್ಟು ಹೊತ್ತಿಗೆ ಇಂಗುತ್ತದೆ? ಮಾರ್ಚ್ ತಿಂಗಳಿನಲ್ಲಿ ನೀರು ಎಲ್ಲಿಂದ? ಇವುಗಳಿಗೆ ಉತ್ತರ ಸಿಕ್ಕಿದರೆ ಯಾವ ಗಿಡ ಬೇಕೆಂಬುದನ್ನು ಜಾಗವೇ ಹೇಳುತ್ತದೆ.