ಮನೆಯಲ್ಲೇ ಮಂಚ ಮಾಡೋಣ

ಮಂಚ, ಬೀರು, ಊಟದ ಮೇಜು. ಇವೆಲ್ಲ ದೊಡ್ಡ ಸಾಮಾನು. ಇವನ್ನು ಮಾಡಲು ದೊಡ್ಡ ಕಾರ್ಖಾನೆಯೇ ಬೇಕೆಂದಿಲ್ಲ. ಮನೆಯ ಜಗಲಿ ಸಾಕು. ಹಿತ್ತಿಲ ಚಪ್ಪರವೂ ಸಾಕು. ಆದರೆ ಮೂರು ವಿಷಯ ಗೊತ್ತಿರಬೇಕು. ಒಂದು, ಅಳತೆ. ಎರಡು, ಮರದ ಗುಣ. ಮೂರು, ಲೆಕ್ಕ.

ಬನ್ನಿ, ಒಂದು ಬಡಗಿ ಮನೆಯ ಕತೆ ಓದೋಣ.

ಚೀಟಿ ಏನು ಹೇಳುತ್ತದೆ?

ಆ ಮನೆಯಲ್ಲಿ ಅತ್ತೆ, ಮಗ, ಸೊಸೆ ಇದ್ದಾರೆ. ಮಗ ಮರಗೆಲಸ ಮಾಡುತ್ತಾನೆ. ಸೊಸೆ ಸಂಜೆ ಅಕ್ಷರ ಕಲಿಯಲು ಹೋಗುತ್ತಾಳೆ. ಒಂದು ದಿನ ಮಗ ಮಂಚಕ್ಕೆಂದು ಹಲಸಿನ ಹಲಗೆ ತಂದ. ಒಟ್ಟು ನಾಲ್ಕು ಹಲಗೆ. ಜೊತೆಗೆ ಒಂದು ಚೀಟಿ. ಸೊಸೆ ಚೀಟಿ ಓದಿದಳು.

"ಏನ್ರೀ, ಇದರಲ್ಲಿ ನಾಲ್ಕೂವರೆ ಘನ ಅಡಿ ಅಂತ ಬರೆದಿದಾರೆ. ಅಳೆದು ನೋಡೋಣ್ವಾ?"

"ಇಷ್ಟು ವರ್ಷದಿಂದ ಅಲ್ಲೇ ತರ್ತಾ ಇದೀನಿ. ಅಳೆಯೋದೇನು?"

ಅತ್ತೆ ಹೇಳಿದರು, "ಅಳೆಯೋಕೆ ಕಾಸು ಕೊಡಬೇಕೇನೋ? ಅಳೆಯಮ್ಮ ನೀನು."

ಸೊಸೆ ಟೇಪು ಹಿಡಿದಳು. ಪ್ರತಿ ಹಲಗೆಯ ಉದ್ದ 9 ಅಡಿ. ಅಗಲ 8 ಇಂಚು. ದಪ್ಪ 2 ಇಂಚು. ಮೂರನ್ನೂ ಗುಣಿಸಿದಳು.

9 × 8 × 2 = 144

ಇದನ್ನು 144ರಿಂದ ಭಾಗಿಸಬೇಕು. ಏಕೆ? ಉದ್ದ ಅಡಿಯಲ್ಲಿದೆ. ಅಗಲ, ದಪ್ಪ ಇಂಚಿನಲ್ಲಿವೆ. ಒಂದು ಅಡಿಗೆ 12 ಇಂಚು. 12 × 12 = 144. ಆದ್ದರಿಂದ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ.

144 ÷ 144 = 1

ಒಂದು ಹಲಗೆ ಒಂದು ಘನ ಅಡಿ. ನಾಲ್ಕು ಹಲಗೆ ನಾಲ್ಕು ಘನ ಅಡಿ. ಚೀಟಿಯಲ್ಲಿ ಅರ್ಧ ಘನ ಅಡಿ ಹೆಚ್ಚು! ಘನ ಅಡಿಗೆ 1,200 ರೂಪಾಯಿ ಎಂದರೆ 600 ರೂಪಾಯಿ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಚೀಟಿ ಹಿಡಿದು ಅಂಗಡಿಗೆ ಹೋದರು. ಅಂಗಡಿಯವರು ಎದುರಿಗೇ ಅಳೆದರು. ಹಣ ವಾಪಸು ಕೊಟ್ಟರು.

ಮರಕ್ಕೂ ಗುಣ ಇದೆ

ಹಸಿ ಮರದಲ್ಲಿ ನೀರಿನ ಅಂಶ ಬಹಳ. ಅದು ಒಣಗುವಾಗ ಕುಗ್ಗುತ್ತದೆ, ಸೊಟ್ಟಾಗುತ್ತದೆ, ಸೀಳುತ್ತದೆ. ಹಸಿ ಮರದಲ್ಲಿ ಮಾಡಿದ ಮಂಚ ಆರು ತಿಂಗಳಲ್ಲೇ ಕಿರ್ರೆನ್ನಬಹುದು. ಆದ್ದರಿಂದ ಹಲಗೆಗಳನ್ನು ನೆರಳಲ್ಲಿ ಒಣಗಿಸಬೇಕು. ಒಂದರ ಮೇಲೊಂದು ಜೋಡಿಸಿ. ನಡುವೆ ಸಣ್ಣ ಪಟ್ಟಿ ಇಡಿ. ಗಾಳಿ ಆಡಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ಅಷ್ಟು ಕಾಯಲು ಆಗದವರು ಒಣಗಿದ ಮರವನ್ನೇ ಕೇಳಿ ತರಬೇಕು.

ಒಣಗಿದ ಮರವೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ. ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ನೀವೇ ನೋಡಿದ್ದೀರಿ. ಅದಕ್ಕೇ ಅಗಲವಾದ ಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ ಕೂರಿಸುತ್ತಾರೆ. ಅಂಟು ಹಾಕುವುದಿಲ್ಲ. ಹಿಗ್ಗಲು ಜಾಗ ಬಿಡುತ್ತಾರೆ.

ಸ್ವಂತ ಹೊಲದ ಮರ ಇದೆಯೇ? ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಯ ಮರಗಳಿಗೆ ಮಾತ್ರ ವಿನಾಯಿತಿ.

ಬಾಗಿಲು ದಾಟಬೇಕು

ಜಗಲಿಯಲ್ಲಿ ಮಂಚ ಮಾಡಿದ್ದಾಯಿತು. ನಡುಮನೆಯ ಬಾಗಿಲು ಎರಡೂವರೆ ಅಡಿ. ಮಂಚದ ಅಗಲ 4 ಅಡಿ. ತಲೆಹಲಗೆಯ ಎತ್ತರ 3 ಅಡಿ. ಒಳಗೆ ಹೋಗುವುದು ಹೇಗೆ? ಕೆಲಸ ಮುಗಿದ ಮೇಲೆ ಯೋಚಿಸಿದರೆ ಪ್ರಯೋಜನ ಇಲ್ಲ. ಮೊದಲೇ ಬಾಗಿಲು ಅಳೆಯಬೇಕು.

ದೊಡ್ಡ ಸಾಮಾನನ್ನು ಭಾಗ ಭಾಗವಾಗಿ ಮಾಡಬೇಕು. ಮಂಚಕ್ಕೆ ನಾಲ್ಕು ಭಾಗ. ತಲೆಯ ಕಡೆ ಒಂದು. ಕಾಲಿನ ಕಡೆ ಒಂದು. ಪಕ್ಕದ ಪಟ್ಟಿ ಎರಡು. ತಲೆಯ ಕಡೆ, ಕಾಲಿನ ಕಡೆ ಗಟ್ಟಿ ಜೋಡಣೆ ಬೇಕು. ಒಂದು ಮರದಲ್ಲಿ ಉಳಿಯಿಂದ ತೂತು ಮಾಡಿ. ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೊಯ್ದು ಅದರಲ್ಲಿ ಕೂರಿಸಿ. ಅಂಟು ಹಾಕಿ. ಪಕ್ಕದ ಪಟ್ಟಿಗಳಿಗೆ ಮಾತ್ರ ಬೋಲ್ಟು ಹಾಕಿ. ಬಿಚ್ಚಬಹುದು, ಒಯ್ಯಬಹುದು, ಮತ್ತೆ ಜೋಡಿಸಬಹುದು.

ಸೊಸೆ ಇಲ್ಲಿ ಒಂದು ಕೆಲಸ ಮಾಡಿದಳು. ಪ್ರತಿ ಜೋಡಣೆಯ ಒಳಬದಿಗೆ ಪೆನ್ಸಿಲಿನಿಂದ ಬರೆದಳು: "ತಲೆ ಎಡ", "ತಲೆ ಬಲ", "ಕಾಲು ಎಡ", "ಕಾಲು ಬಲ". ಜೋಡಿಸುವಾಗ ಒಂದೂ ತಪ್ಪಲಿಲ್ಲ.

ಮಂಚ ನೇರವಾಗಿದೆಯೇ ಎಂದು ನೋಡುವುದು ಸುಲಭ. ಎದುರು ಬದುರು ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಮತ್ತೆ ಉಳಿದ ಎರಡು ಮೂಲೆಗೆ ಹಿಡಿಯಿರಿ. ಎರಡೂ ಅಳತೆ ಒಂದೇ ಆದರೆ ಸರಿ. ಹೆಚ್ಚು ಕಡಿಮೆ ಆದರೆ ಮಂಚ ಸೊಟ್ಟ.

ಉಜ್ಜುವುದು, ಪಾಲಿಶ್ ಹಾಕುವುದು

ಉಪ್ಪು ಕಾಗದದ ಹಿಂದೆ ನಂಬರು ಇರುತ್ತದೆ. ಓದಿ ಕೊಳ್ಳಿ. ನಂಬರು ಸಣ್ಣದಾದರೆ ಕಾಗದ ಒರಟು. ನಂಬರು ದೊಡ್ಡದಾದರೆ ನುಣುಪು. ಮೊದಲು 80, ಆಮೇಲೆ 120, ಕೊನೆಗೆ 220. ಮರದ ಗೆರೆ ಹೋದ ಕಡೆಗೇ ಉಜ್ಜಿ. ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಪಾಲಿಶ್ ಹಾಕಿದ ಮೇಲೆ ಆ ಗೀರು ಎದ್ದು ಕಾಣುತ್ತದೆ.

ಅರಗು ಒಂದು ಸಣ್ಣ ಹುಳು ಕೊಡುವ ಅಂಟು. ಅದರ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಪಾಲಿಶ್. ಬಟ್ಟೆಯಿಂದ ತೆಳುವಾಗಿ ಹಚ್ಚಿ. ಒಣಗಿದ ಮೇಲೆ ಮತ್ತೆ ಹಚ್ಚಿ. ಅರಗಿನ ಪಾಲಿಶ್‌ಗೆ ಬಿಸಿ, ನೀರು ಆಗದು. ಬಿಸಿ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ಊಟದ ಮೇಜಿಗೆ ವಾರ್ನಿಶ್ ವಾಸಿ.

ಎಚ್ಚರ ಇರಲಿ!

- ಸ್ಪಿರಿಟ್‌ಗೆ ಬೇಗ ಬೆಂಕಿ ಹತ್ತುತ್ತದೆ. ಒಲೆ, ಬೀಡಿ ದೂರ ಇರಲಿ. ಅದು ವಿಷವೂ ಹೌದು. ನೀರಿನ ಬಾಟಲಿಯಲ್ಲಿ ಇಡಬೇಡಿ.
- ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.
- ಮರದ ಪುಡಿ ಮೂಗಿಗೆ ಹೋಗಬಾರದು. ಅದು ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ತಿಳಿಸಿದೆ. ಮಾಸ್ಕ್ ಹಾಕಿಕೊಳ್ಳಿ. ಗುಡಿಸುವ ಮುಂಚೆ ನೀರು ಚಿಮುಕಿಸಿ. ಮಕ್ಕಳನ್ನು ದೂರ ಇಡಿ.

ಯಾರ ಕೂಲಿ ಬಿಟ್ಟುಹೋಯಿತು?

ಮಗ ಮಂಚದ ಲೆಕ್ಕ ಹೇಳಿದ. ಸೊಸೆ ಬರೆದಳು.

ಮರ: 4,800 ರೂಪಾಯಿ
ಬೋಲ್ಟು, ಅಂಟು, ಪಾಲಿಶ್: 700 ರೂಪಾಯಿ
ಬಡಗಿಯ ಕೂಲಿ, 6 ದಿನ: 4,800 ರೂಪಾಯಿ
ಒಟ್ಟು: 10,300 ರೂಪಾಯಿ

"10,500ಕ್ಕೆ ಮಾರೋಣ. 200 ರೂಪಾಯಿ ಲಾಭ" ಎಂದ ಮಗ.

ಅತ್ತೆ ಕೇಳಿದರು, "ಮೂರು ದಿನ ಕೂತು ಉಜ್ಜಿದವಳು, ಪಾಲಿಶ್ ಹಾಕಿದವಳು ಯಾರಪ್ಪ? ಹೊರಗಿನವರನ್ನ ಕರೆದಿದ್ರೆ ಪುಕ್ಕಟೆ ಮಾಡ್ತಿದ್ರಾ?"

ಮಗ ಸುಮ್ಮನಾದ. ಸೊಸೆ ಇನ್ನೊಂದು ಸಾಲು ಬರೆದಳು. "ಉಜ್ಜುವ, ಪಾಲಿಶ್ ಕೂಲಿ, 3 ದಿನ: 1,800 ರೂಪಾಯಿ." ಈಗ ಒಟ್ಟು 12,100 ರೂಪಾಯಿ. 10,500ಕ್ಕೆ ಮಾರಿದರೆ ಲಾಭ ಎಲ್ಲಿ? 1,600 ರೂಪಾಯಿ ನಷ್ಟ!

ಮನೆಯ ಹೆಂಗಸಿನ ದುಡಿಮೆಗೂ ಬೆಲೆ ಇದೆ. ಅದನ್ನು ಲೆಕ್ಕದಲ್ಲಿ ಬರೆಯಬೇಕು. ಬರೆದರೆ ಮಾತ್ರ ಸರಿಯಾದ ಬೆಲೆ ಹೇಳಲು ಆಗುತ್ತದೆ.

ಓದಿ, ಉತ್ತರ ಬರೆಯಿರಿ

1. ಹಸಿ ಮರದಲ್ಲಿ ಮಂಚ ಮಾಡಿದರೆ ಏನಾಗುತ್ತದೆ?
2. ಒಂದು ಹಲಗೆ 9 ಅಡಿ ಉದ್ದ, 8 ಇಂಚು ಅಗಲ, 1 ಇಂಚು ದಪ್ಪ ಇದೆ. ಎಷ್ಟು ಘನ ಅಡಿ?
3. ನಿಮ್ಮ ಮನೆಯ ಬಾಗಿಲು ಅಳೆಯಿರಿ. ಅಗಲ ಎಷ್ಟು? ಎತ್ತರ ಎಷ್ಟು?
4. ನಿಮ್ಮ ಮನೆಯ ಕಸುಬಿನಲ್ಲಿ ನೀವು ಮಾಡುವ ಕೆಲಸ ಯಾವುದು? ಅದಕ್ಕೆ ಎಷ್ಟು ಕೂಲಿ ಆಗಬಹುದು? ಗುಂಪಿನಲ್ಲಿ ಮಾತನಾಡಿ. ಬರೆಯಿರಿ.