ಮೊಡೆಸ್ಟೊದಲ್ಲೇ ಓದಲಿ ಬಿಡಿ

ಮಗ ಮೊಡೆಸ್ಟೊದ ಕಮ್ಯುನಿಟಿ ಕಾಲೇಜಿನಲ್ಲಿ ಬಾದಾಮಿ ತೋಟದ ವ್ಯವಹಾರ ಕಲಿಯುತ್ತೇನೆ ಅಂದದ್ದಕ್ಕೆ ನೀವು ನಿದ್ದೆಗೆಟ್ಟಿದ್ದೀರಿ. ಕಮ್ಯುನಿಟಿ ಕಾಲೇಜೆಂದರೆ ಸೀಟು ಸಿಗದವರ ಜಾಗ ಎಂಬ ನಮ್ಮವರ ಅಳುಕಿಗೆ ಕ್ಯಾಲಿಫೋರ್ನಿಯಾದಲ್ಲಂತೂ ಹುರುಳಿಲ್ಲ. ಮೊಡೆಸ್ಟೊ ಜೂನಿಯರ್ ಕಾಲೇಜಿಗೆ ಕೃಷಿ ಶಿಕ್ಷಣದಲ್ಲಿ ಒಳ್ಳೆಯ ಹೆಸರಿದೆ. ಸುತ್ತಲೂ ತೋಟ, ಡೈರಿಗಳೇ.

ಒಂದು ಎಚ್ಚರ: ಬರೀ ಸರ್ಟಿಫಿಕೇಟ್ ಕೋರ್ಸ್ ಬೇಡ, ಕೃಷಿ ವ್ಯವಹಾರದ ಟ್ರಾನ್ಸ್‌ಫರ್ ಪದವಿಯನ್ನೇ ಹಿಡಿಯಲಿ. ಅದರ 60 ಯೂನಿಟ್‌ಗಳನ್ನು ಬೇಕಾದಷ್ಟು ಅಂಕಗಳೊಂದಿಗೆ ಮುಗಿಸಿದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂರನೇ ವರ್ಷಕ್ಕೆ ಪ್ರವೇಶ ಖಾತರಿ. ಇಂಥದ್ದೇ ಕ್ಯಾಂಪಸ್ ಎಂಬ ಭರವಸೆ ಮಾತ್ರ ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್ ಕ್ಯಾಂಪಸ್ ಮೇಲೆ ಕಣ್ಣಿದ್ದರೆ ದಾರಿ ಬೇರೆ. ಮೊದಲ ಸೆಮಿಸ್ಟರಿನಲ್ಲೇ ಕೌನ್ಸೆಲರನ್ನು ಕಾಣಲಿ.

ಟ್ರ್ಯಾಕ್ಟರ್ ಮೋಹವೊಂದೇ ಸಾಲದು, ಅಕೌಂಟಿಂಗು, ಅರ್ಥಶಾಸ್ತ್ರ ತಪ್ಪಿದ್ದಲ್ಲ. ಆಗಸ್ಟಿನಲ್ಲಿ ಬಾದಾಮಿ ಕೊಯ್ಲು. ಆ ಧೂಳಿನಲ್ಲಿ ನಾಲ್ಕು ವಾರ ದುಡಿದು ಬಂದಮೇಲೂ ಇದೇ ಮಾತಾಡಿದರೆ, ನೀವೇ ಫೀಸು ಕಟ್ಟಿ.