ಮೊದಲ ಬಲ್ಬ್ ಮುಟ್ಟೋವರೆಗೆ

ನೋಡು ಮಗಾ, ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಪಿಕ್ಸೆಲ್ ಲೈಟಿಂಗ್ ಒಪ್ಪಿಕೊಂಡೆಯಂತೆ. ಸಂತೋಷ. ಪುಷ್ಯ ಶುದ್ಧ ಷಷ್ಠಿಗೆ ತೇರು, ಅಷ್ಟರೊಳಗೆ ಈ ಡೇಟಾ ವೈರಿನ ವಿಷಯ ಕಿವಿಗೆ ಹಾಕ್ಕೋ.

ಹಳೇ ಸೀರಿಯಲ್ ಸೆಟ್ಟಿಗೆ ಕರೆಂಟ್ ಸಿಕ್ಕರೆ ಸಾಕಿತ್ತು. ಈಗಿನದಕ್ಕೆ ಡೇಟಾನೂ ಬೇಕು, ಕೈಕೊಡೋದು ಅದೇ. ಐನೂರು ಬಲ್ಬ್ ಸಾಲಾಗಿದ್ದರೆ ಕೊನೆಗೆ ಸಿಗ್ನಲ್ ಸೊರಗುತ್ತೆ ಅಂತ ಹುಡುಗರು ಹೆದರ್ತಾರೆ. ಸುಮ್ಮನೆ ಭಯ. ಡಬ್ಲ್ಯೂಎಸ್2811 ಆಗಲಿ, 2812ಬಿ ಆಗಲಿ, ಪ್ರತಿ ಚಿಪ್ಪೂ ತನ್ನ ಪಾಲಿನ 24 ಬಿಟ್ ಇಟ್ಟುಕೊಂಡು ಮಿಕ್ಕಿದ್ದನ್ನು ಹೊಸದಾಗಿ ತಿದ್ದಿ ಮುಂದಕ್ಕೆ ದೂಡುತ್ತೆ. ಭಯಪಡಬೇಕಾದ್ದು ಕಂಟ್ರೋಲರಿಂದ ಮೊದಲ ಬಲ್ಬಿನ ತನಕ ಇರೋ ಖಾಲಿ ವೈರಿಗೆ, ಒಂದು ಕಮಾನಿಂದ ಇನ್ನೊಂದಕ್ಕೆ ಎಳೆಯೋ ವೈರಿಗೆ.

ಅದರಲ್ಲಿ ಓಡೋದು ಸೆಕೆಂಡಿಗೆ 8 ಲಕ್ಷ ಬಿಟ್. ವೈರ್ ಉದ್ದವಾದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುತ್ತೆ, ಘಾಟಿ ಗುಡಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ ಕನ್ನಡಿಯಿಂದ ನಮ್ಮ ಕಡೆ ಬಂದ ಹಾಗೆ. ಅಲ್ಲಿ ಅದು ದರ್ಶನ. ಇಲ್ಲಿ ಬಿಟ್ ಮೇಲೆ ಬಿಟ್ ಬಿದ್ದು, ಬಲ್ಬಲ್ಲಿ ಮಾಡಿದ ನವಿಲಿನ ಕತ್ತು ಕೆಂಪಾಗಿ ಪಟಪಟ ಮಿಟುಕುತ್ತೆ.

ಇಎಸ್‌ಪಿ32 ಬೋರ್ಡ್ ಇಟ್ಟುಕೊಂಡಿದ್ದರೆ ಇನ್ನೊಂದು ತೊಡಕು. ಅದು ಕೊಡೋದು 3.3 ವೋಲ್ಟ್, 5 ವೋಲ್ಟಿನ 2812ಬಿ ಕೇಳೋದು 3.5. ಮೇಜಿನ ಮೇಲೆ ಉರಿದದ್ದು ಕಂಬದ ಮೇಲೆ ಉರಿಯಲ್ಲ. ನಡುವೆ 74ಎಚ್‌ಸಿಟಿ245 ಹಾಕು, ಅದರ ಔಟ್‌ಪುಟ್ ಕಾಲಿಗೇ ಒಂದು ಸಣ್ಣ ರೆಸಿಸ್ಟರ್. ಕೆಲವು ಮೀಟರಿಗೆ ಅಷ್ಟು ಸಾಕು.

ರಸ್ತೆ ದಾಟಿಸಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮ್ಯಾಕ್ಸ್485 ಮಾಡ್ಯೂಲ್ ತಗೋ, ಜೋಡಿ ಲೆಕ್ಕದಲ್ಲಿ. ಕಳಿಸೋ ಕಡೆ ಡಿಇ, ಆರ್‌ಇ ಕಾಲು ಎರಡನ್ನೂ 5 ವೋಲ್ಟಿಗೆ ಸೇರಿಸು. ಬಲ್ಬಿನ ಕಡೆ ಎರಡನ್ನೂ ಗ್ರೌಂಡಿಗೆ. ಮಧ್ಯೆ ಇಂಟರ್‌ನೆಟ್ಟಿನ ಕ್ಯಾಟ್5 ಕೇಬಲ್. ಮಾಡ್ಯೂಲಿನ ಎ, ಬಿ ಎರಡೂ ಒಂದೇ ಹೆಣೆದ ಜೋಡಿಯಲ್ಲಿ ಹೋಗಲಿ, ಬೇರೆ ಬೇರೆ ಜೋಡಿಯಿಂದ ಒಂದೊಂದು ಎಳೆ ಆರಿಸಿದರೆ ಹೆಣಿಗೆ ಇದ್ದೂ ದಂಡ. ಮಾಡ್ಯೂಲಿನ ಮೇಲೆ 121 ಅಂತ ಬರೆದ ಕಾಳು ಕಾಣುತ್ತಲ್ಲ, ಅದು 120 ಓಮ್. ವಾಪಸ್ ಬರೋ ಸಿಗ್ನಲನ್ನ ನುಂಗೋದು ಅದೇ, ಕೀಳಬೇಡ. ಇನ್ನೊಂದು ಜೋಡಿಯಲ್ಲಿ ಗ್ರೌಂಡ್ ಎಳಿ. ಬಲ್ಬ್ 12 ವೋಲ್ಟಿನದಾದರೆ ಮಾಡ್ಯೂಲಿಗೆ ಬೇರೆ 5 ವೋಲ್ಟ್ ಕೊಡು, ನೇರ ಕೊಟ್ಟರೆ ಸುಟ್ಟೀತು.

ಜನರೇಟರ್ ಕೇಬಲ್ ಜೊತೆ ಡೇಟಾ ವೈರ್ ಸೇರಿಸಿ ಟೇಪ್ ಸುತ್ತೋ ಚಾಳಿ ನಿಮ್ಮ ಹುಡುಗರಿಗೆ ಇದೆ, ಬಿಡಿಸು. ಹಾಂ, ದೂರದ ಕಮಾನಿನಲ್ಲಿ ಬಿಳಿ ಹಾಕಿದಾಗ ಕೊನೇ ಬಲ್ಬುಗಳು ಹಳದಿಯಾದರೆ ಡೇಟಾ ಬೈಬೇಡ. ಅದು ವೋಲ್ಟೇಜ್ ಇಳಿದದ್ದು. ಅಲ್ಲಿಗೇ ಒಂದು ಪವರ್ ಸಪ್ಲೈ ಒಯ್ದು ಇಡು. ಜಾಯಿಂಟಿಗೆ ಸಿಲಿಕೋನ್ ಮೆತ್ತು, ರಾತ್ರಿ ಮಂಜು ಜೋರು ಆ ಕಡೆ.